ಶೇಕಡಾ 94ಕ್ಕೂ ನೂರಕ್ಕೂ ನಡುವೆ

ಶಿಕಾಗೊ
ಏಪ್ರಿಲ್ 2024

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು. ಪುಟ್ಟಿಗೆ ನೆನಪುಗಳು. ನಾನಿಲ್ಲಿ ಆರಾಮಾಗಿದ್ದೇನೆ.

ಅಪ್ಪ, ಮೊನ್ನೆ ಫೋನಿನಲ್ಲಿ ನೀವು ಕೇಳಿದಿರಿ: "ಚಂದ್ರ ಸೂರ್ಯನಿಗೆ ಅಡ್ಡ ಬರುತ್ತಾನೆ, ಸರಿದು ಹೋಗುತ್ತಾನೆ. ಎಷ್ಟು ಹೊತ್ತಿಗೆ ಅಂತ ನೂರು ವರ್ಷ ಮೊದಲೇ ಲೆಕ್ಕ ಹಾಕಿ ಹೇಳಬಹುದು. ಅದಕ್ಕೆ ರಜೆ ಹಾಕಿ ಅಷ್ಟು ದೂರ ಹೋಗಬೇಕಾ?" ಫೋನಿನಲ್ಲಿ ಹೇಳಿ ಮುಗಿಯುವ ಉತ್ತರ ಅಲ್ಲ ಅದು. ಅದಕ್ಕೇ ಈ ಪತ್ರ.

ನಿಮ್ಮ ಮಾತು ಪಾರ್ಶ್ವ ಗ್ರಹಣದ ಮಟ್ಟಿಗೆ ನಿಜ. ಗ್ರಹಣದ ಕನ್ನಡಕ ಹಾಕಿಕೊಂಡು ನೋಡಿದರೆ ಸೂರ್ಯನನ್ನು ಒಂದು ಕಡೆ ಕಚ್ಚಿದ ಹಾಗೆ ಕಾಣುತ್ತದೆ. ಚೆನ್ನಾಗಿರುತ್ತದೆ, ಸ್ವಲ್ಪ ಹೊತ್ತು ನೋಡಿ ಕೆಲಸಕ್ಕೆ ಹೋಗಬಹುದು. ಏಪ್ರಿಲ್ 8ರಂದು ಶಿಕಾಗೊದಲ್ಲಿ ಸೂರ್ಯ ಸುಮಾರು ಶೇಕಡಾ 94ರಷ್ಟು ಮುಚ್ಚಿದ್ದ. ಮನೆ ಮುಂದೆ ನಿಂತೇ ಅಷ್ಟನ್ನು ನೋಡಬಹುದಿತ್ತು. ನಾನು ಮುನ್ನೂರೈವತ್ತು ಕಿ.ಮೀ.ಗಿಂತ ಜಾಸ್ತಿ ಕಾರಿನಲ್ಲಿ ಇಂಡಿಯಾನಾದ ಬ್ಲೂಮಿಂಗ್ಟನ್‌ಗೆ ಹೋದದ್ದು ಉಳಿದ ಆರು ಭಾಗಕ್ಕಾಗಿ.

ಬರೀ ಆರು ಭಾಗ ಅಂತ ಅನ್ನಿಸುತ್ತದೆ, ಅಲ್ವಾ? ನೀವು ಲೆಕ್ಕದವರು, ಲೆಕ್ಕದಲ್ಲೇ ನೋಡಿ. ಸೂರ್ಯನ ಬೆಳಕು ಹುಣ್ಣಿಮೆ ಚಂದ್ರನ ಬೆಳಕಿಗಿಂತ ಸುಮಾರು 4 ಲಕ್ಷ ಪಟ್ಟು ಜಾಸ್ತಿ. ಸೂರ್ಯ ಶೇಕಡಾ 99ರಷ್ಟು ಮುಚ್ಚಿದರೂ ಉಳಿದ ಒಂದು ಭಾಗದಲ್ಲಿ ಸುಮಾರು 4,000 ಹುಣ್ಣಿಮೆಗಳ ಬೆಳಕಿರುತ್ತದೆ. ಸೂರ್ಯನ ಸುತ್ತ ಕರೋನಾ ಎಂಬ ಹೊರ ವಾತಾವರಣ ಇದೆಯಲ್ಲ, ಅದರ ಬೆಳಕು ಎಲ್ಲಾ ಸೇರಿಸಿದರೂ ಹೆಚ್ಚು ಕಡಿಮೆ ಒಂದು ಹುಣ್ಣಿಮೆಯಷ್ಟು. ನಾಲ್ಕು ಸಾವಿರದ ಎದುರು ಒಂದು. ಹೇಗೆ ಕಾಣಬೇಕು? ಸೂರ್ಯನ ಕೊನೆಯ ಚೂರೂ ಮರೆಯಾಗುವ ತನಕ ಕರೋನಾ ಅಲ್ಲೇ ಇದ್ದರೂ ನಮಗೆ ಇಲ್ಲ. ಮೇಲಾಗಿ, ಬೆಳಕು ನಿಧಾನವಾಗಿ ಇಳಿದರೆ ಕಣ್ಣಿನ ಪಾಪೆ ಹಿಗ್ಗಿ ಹೊಂದಿಕೊಂಡುಬಿಡುತ್ತದೆ. ಹಾಗಾಗಿ 94 ಭಾಗ ಮುಚ್ಚಿದರೂ ಕತ್ತಲಾಗುವುದಿಲ್ಲ, ಬಿಸಿಲು ಸ್ವಲ್ಪ ಮಂಕಾಗುತ್ತದೆ ಅಷ್ಟೆ.

2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಡದ್ದು ಕಂಕಣ ಗ್ರಹಣ. ಆಗ ಚಂದ್ರ ದೂರದಲ್ಲಿದ್ದ, ಸೂರ್ಯನನ್ನು ಪೂರ್ತಿ ಮುಚ್ಚುವಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ. ಬಳೆಯಷ್ಟು ಬೆಳಕು ಉಳಿಯಿತು. ನೋಡುವಂಥದ್ದೇ, ಆದರೆ ಆ ಬಳೆಯ ಬೆಳಕೇ ಕರೋನಾವನ್ನು ಮರೆಮಾಡಿತು.

ಅಮ್ಮ, ನೀನು ಕೇಳಿದ್ದು ಬೇರೆ, ಕಂಡದ್ದು ಏನು ಅಂತ. ಹೇಳುತ್ತೇನೆ.

ಕೊನೆಯ ಕಾಲು ಗಂಟೆಯಲ್ಲಿ ಬಿಸಿಲಿನ ಬಣ್ಣವೇ ಬೇರೆಯಾಯಿತು. ಸಂಜೆಯ ಹಳದಿ ಬಣ್ಣ ಅಲ್ಲ, ಒಂಥರಾ ಬೂದು ಬಣ್ಣ. ನೆರಳಿನ ಅಂಚು ಚೂಪಾಯಿತು, ನನ್ನ ನೆರಳಿನಲ್ಲಿ ತಲೆಯ ಕೂದಲೂ ಬಿಡಿಬಿಡಿಯಾಗಿ ಕಾಣುತ್ತಿತ್ತು. ಗಾಳಿ ತಣ್ಣಗಾಯಿತು. ಆಮೇಲೆ ಒಮ್ಮೆಲೇ ಕತ್ತಲೆ. ಚಂದ್ರನ ಅಂಚಿನಲ್ಲಿ ಬೆಳಕಿನ ಒಂದೇ ಹರಳು ಉಳಿಯಿತು, ಅದೂ ಹೋಯಿತು. ಕನ್ನಡಕ ತೆಗೆದೆ. ಸೂರ್ಯ ಪೂರ್ತಿ ಮುಚ್ಚಿರುವ ಅಷ್ಟು ಹೊತ್ತು ಮಾತ್ರ ಬರಿಗಣ್ಣಿನಲ್ಲಿ ನೋಡಬಹುದು. ಸೂರ್ಯ ಇರಬೇಕಾದ ಜಾಗದಲ್ಲಿ ಕಪ್ಪು ವೃತ್ತ, ಅದರ ಸುತ್ತ ಎಲ್ಲಾ ದಿಕ್ಕಿಗೂ ಚಾಚಿದ ಬಿಳಿ ಎಳೆಗಳು. ಕೆಳಗಿನ ಅಂಚಿನಲ್ಲಿ ಕೆಂಪು ಗುಲಾಬಿ ಬಣ್ಣದ ಚುಕ್ಕೆ. ಅದು ಸೂರ್ಯನಿಂದ ಮೇಲೆದ್ದ ಅನಿಲದ ಜ್ವಾಲೆ. ಭೂಮಿಗಿಂತ ದೊಡ್ಡದು ಅದು, ಬರಿಗಣ್ಣಿಗೇ ಕಂಡಿತು! ಒಂದು ಕಡೆ ಶುಕ್ರ, ಇನ್ನೊಂದು ಕಡೆ ಗುರು. ಸುತ್ತ ತಿರುಗಿ ನೋಡಿದರೆ ದಿಗಂತದ ಉದ್ದಕ್ಕೂ, ನಾಲ್ಕೂ ದಿಕ್ಕಿನಲ್ಲಿ, ಸೂರ್ಯ ಮುಳುಗಿದ ಮೇಲೆ ಇರುವಂಥ ಕಿತ್ತಳೆ ಬಣ್ಣ. ಸುತ್ತಲಿನವರು ಕೂಗುತ್ತಿದ್ದರು. ನನಗೆ ಅಳು ಬಂತು. ಸುಮಾರು ನಾಲ್ಕು ನಿಮಿಷ ಇತ್ತು, ಆಮೇಲೆ ಮತ್ತೆ ಹಗಲು.

ಪುಟ್ಟಿ, "ಫೋಟೋ ಬೇಕಾದಷ್ಟು ಇವೆ, ಸಾಕಲ್ವಾ" ಅಂದೆಯಲ್ಲ. ಸಾಲದು. ಕರೋನಾದ ಒಳಭಾಗ ತುಂಬಾ ಪ್ರಕಾಶಮಾನ, ಹೊರಗೆ ಹೋದ ಹಾಗೆ ಬೆಳಕು ಬಹಳ ಬೇಗ ಇಳಿಯುತ್ತದೆ. ಕ್ಯಾಮೆರಾದ ಒಂದೇ ಫೋಟೋದಲ್ಲಿ ಎರಡೂ ಸರಿಯಾಗಿ ಬರುವುದಿಲ್ಲ. ಚೆಂದದ ಫೋಟೋಗಳೆಲ್ಲ ಹಲವು ಫೋಟೋ ಸೇರಿಸಿ ಮಾಡಿದ್ದು. ಕಣ್ಣು ಮಾತ್ರ ಎರಡನ್ನೂ ಒಟ್ಟಿಗೆ ನೋಡುತ್ತದೆ.

ಇನ್ನು ಲೆಕ್ಕದ ವಿಷಯ. ಮೊದಲೇ ಗೊತ್ತಿದ್ದರೆ ಆಶ್ಚರ್ಯ ಕಮ್ಮಿ ಅಂತ ನೀವು ಹೇಳುತ್ತೀರಿ. ನನಗೆ ಲೆಕ್ಕ ತಿಳಿದಷ್ಟೂ ಆಶ್ಚರ್ಯ ಜಾಸ್ತಿಯಾಗಿದೆ. ಸೂರ್ಯನ ಅಗಲ ಚಂದ್ರನ ಅಗಲಕ್ಕಿಂತ ಸುಮಾರು 400 ಪಟ್ಟು. ದೂರವೂ ಸುಮಾರು 400 ಪಟ್ಟು. ಅದಕ್ಕೇ ಆಕಾಶದಲ್ಲಿ ಎರಡೂ ಒಂದೇ ಗಾತ್ರ ಕಾಣುತ್ತವೆ. ಹೀಗೇ ಇರಬೇಕು ಅಂತ ಯಾವ ನಿಯಮವೂ ಇಲ್ಲ. ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿದ್ದಾನೆ. ಇನ್ನು 60 ಕೋಟಿ ವರ್ಷದ ಹೊತ್ತಿಗೆ ಭೂಮಿಯಲ್ಲಿ ಪೂರ್ಣ ಗ್ರಹಣವೇ ಇರುವುದಿಲ್ಲ.

ಇನ್ನೊಂದು ಲೆಕ್ಕ ನಿಮಗೆ ಖಂಡಿತ ಹಿಡಿಸುತ್ತದೆ. 1980ರ ಫೆಬ್ರವರಿ 16ರ ಪೂರ್ಣ ಗ್ರಹಣದ ನೆರಳು ಅಂಕೋಲಾದ ಕಡೆಯಿಂದ ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾದು ಹೋಗಿತ್ತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ದೂರದರ್ಶಕ ಹೂಡಿ ನೋಡಿದ್ದರು. ಅದೇ ಸಂಸ್ಥೆ ಮಾಡಿದ ಉಪಕರಣ ಈಗ ಆದಿತ್ಯ-ಎಲ್1 ನೌಕೆಯಲ್ಲಿದೆ. ಸೂರ್ಯನ ಬಿಂಬದ ಬೆಳಕನ್ನು ಬೇರೆ ಮಾಡಿ, ಕರೋನಾ ನೋಡಲು ಕೃತಕ ಗ್ರಹಣ ಮಾಡಿಕೊಳ್ಳುತ್ತದೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ. ಅದರಿಂದ ದೂರ ಇರುವ ಕರೋನಾ 10 ಲಕ್ಷ ಡಿಗ್ರಿಗಿಂತ ಜಾಸ್ತಿ. ಇದು ಯಾಕೆ ಹೀಗೆ ಎಂಬುದು ವಿಜ್ಞಾನಿಗಳಿಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಲೆಕ್ಕಕ್ಕೆ ಬರುತ್ತೇನೆ. ಸೂರ್ಯ, ಚಂದ್ರ, ಭೂಮಿ ಹೆಚ್ಚು ಕಡಿಮೆ ಅದೇ ಸ್ಥಾನಕ್ಕೆ ಮರಳಲು ಸುಮಾರು 18 ವರ್ಷ, 11 ದಿನ, 8 ಗಂಟೆ ಬೇಕು. ಇದಕ್ಕೆ ಸಾರೋಸ್ ಚಕ್ರ ಅನ್ನುತ್ತಾರೆ. ಆ 8 ಗಂಟೆಯಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುತ್ತದೆ, ಹಾಗಾಗಿ ನೆರಳು ಬೇರೆ ಕಡೆ ಬೀಳುತ್ತದೆ. 1980ರ ಗ್ರಹಣ 1998ರಲ್ಲಿ ಕೆರಿಬಿಯನ್ ಕಡೆ ಬಂತು, 2016ರಲ್ಲಿ ಇಂಡೋನೇಷ್ಯಾಕ್ಕೆ. ಮೂರು ಚಕ್ರ ಮುಗಿದರೆ ಮೂರು ಎಂಟಲಿ ಇಪ್ಪತ್ನಾಲ್ಕು, ಭೂಮಿಯೂ ಮೊದಲಿನ ಮುಖಕ್ಕೆ ಬರುತ್ತದೆ. ಅಂದರೆ 2034ರ ಮಾರ್ಚ್ 20ಕ್ಕೆ ಅದೇ ಸರಣಿಯ ಗ್ರಹಣ ಮತ್ತೆ ನಮ್ಮ ದೇಶಕ್ಕೆ. ನೆರಳು ಈ ಸಲ ಉತ್ತರಕ್ಕೆ ಸರಿದು ಲಡಾಖ್ ಕಡೆ ಹಾಯುತ್ತದೆ.

ಒಂದೇ ಜಾಗಕ್ಕೆ ಪೂರ್ಣ ಗ್ರಹಣ ಸರಾಸರಿ 375 ವರ್ಷಕ್ಕೊಮ್ಮೆ ಬರುತ್ತದೆ. ಮನೆಯಲ್ಲಿ ಕಾದು ಕೂತರೆ ಸಿಗುವುದಿಲ್ಲ, ನಾವೇ ಹೋಗಬೇಕು. 2034ರ ತನಕ ಕಾಯುವುದೂ ಬೇಡ. 2027ರ ಆಗಸ್ಟ್ 2ಕ್ಕೆ ಈಜಿಪ್ಟಿನ ಲಕ್ಸರ್ ಹತ್ತಿರ 6 ನಿಮಿಷಕ್ಕಿಂತ ಜಾಸ್ತಿ ಹೊತ್ತು ಪೂರ್ಣ ಗ್ರಹಣ ಇದೆ. ನಾನು ಕಂಡದ್ದಕ್ಕಿಂತ ಎರಡು ನಿಮಿಷ ಜಾಸ್ತಿ! ಕರ್ನಾಟಕದಲ್ಲಿ ಅವತ್ತು ಪಾರ್ಶ್ವ ಮಾತ್ರ, ಅದೂ ಮಳೆಗಾಲ. ಲಕ್ಸರ್‌ನಲ್ಲಿ ಆಗಸ್ಟ್‌ನಲ್ಲಿ ಬಿಸಿಲು ವಿಪರೀತ, ಆದರೆ ಮೋಡ ತೀರಾ ಅಪರೂಪ. ಅಮ್ಮನಿಗೆ ಬಿಸಿಲು ಆಗುವುದಿಲ್ಲ ಅಂತ ಗೊತ್ತು, ನೆರಳಿರುವ ಜಾಗ ನಾನು ಮೊದಲೇ ನೋಡಿ ಇಡುತ್ತೇನೆ. ಎಲ್ಲರೂ ಬರಬೇಕು ಅಂತ ನನ್ನ ಆಸೆ.

ಅಪ್ಪ, ನಿಮ್ಮದೂ ಅಮ್ಮನದೂ ಪಾಸ್‌ಪೋರ್ಟ್ ಯಾವ ವರ್ಷದ ತನಕ ಇದೆ ಅಂತ ನೋಡಿ ತಿಳಿಸಿ. ಪುಟ್ಟಿಗೆ ಆಗ ಪರೀಕ್ಷೆ ಇರುತ್ತದಾ ಅಂತಲೂ ಕೇಳಿ.

ನಿಮ್ಮ ಪ್ರೀತಿಯ ಮಗಳು