ಕೆಬಾರ್ ನದಿಯ ದಡಕ್ಕೆ ಬಂದ ಸಿಂಹಾಸನ

ಪ್ರಿಯ ಗೆಳೆಯ,

ಕರ್ತನಲ್ಲಿ ವಂದನೆಗಳು. ನಿನ್ನ ಪತ್ರ ಓದಿದೆ. ಪ್ರವಾದಿ ಯೆಹೆಜ್ಕೇಲನ ಪುಸ್ತಕದ ಮೊದಲ ಅಧ್ಯಾಯ ಓದಿ ಬೈಬಲ್ ಮುಚ್ಚಿಟ್ಟೆ ಅಂತ ಬರೆದಿದ್ದೀಯ. ನಾಲ್ಕು ಮುಖದ ಜೀವಿಗಳು, ಚಕ್ರದೊಳಗೆ ಚಕ್ರ, ಆ ಚಕ್ರಗಳ ತುಂಬ ಕಣ್ಣುಗಳು. "ಇದರಿಂದ ನನಗೇನು?" ಅಂತ ಕೇಳಿದ್ದೀಯ. ಅದರ ಕೆಳಗೇ ಇನ್ನೊಂದು ಸಾಲು ಇತ್ತು: "ಅವರಿಗೆಲ್ಲ ದೇವರು ಕಾಣಿಸಿಕೊಂಡ. ನನಗೆ ಪ್ರಾರ್ಥನೆ ಮಾಡುವಾಗ ಏನೂ ಅನ್ನಿಸುವುದೇ ಇಲ್ಲ." ನಿನ್ನನ್ನು ಕಾಡುತ್ತಿರುವುದು ಈ ಎರಡನೆಯದು ಅಲ್ವಾ? ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಬಿಡುವು ಮಾಡಿಕೊಂಡು ಓದು.

ಚಕ್ರಗಳನ್ನು ಆಮೇಲೆ ನೋಡೋಣ. ಮೊದಲು ಆ ಮನುಷ್ಯನನ್ನು ನೋಡು. ಯೆಹೆಜ್ಕೇಲ ಯಾಜಕರ ಮನೆತನದವನು, ಬೂಜಿಯ ಮಗ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮನ್ನು ಹಿಡಿದು, ಯೂದದ ಅರಸ ಯೆಹೋಯಾಖೀನನನ್ನೂ ಅವನ ಜೊತೆ ಸಾವಿರಾರು ಜನರನ್ನೂ ಸೆರೆ ಒಯ್ದ. ಇದು ಕಟ್ಟುಕಥೆಯಲ್ಲ. ಬಾಬೆಲಿನ ಅವಶೇಷಗಳಲ್ಲಿ ಸಿಕ್ಕಿರುವ ಮಣ್ಣಿನ ಹಲಗೆಗಳಲ್ಲಿ ಯೆಹೋಯಾಖೀನನಿಗೂ ಅವನ ಐವರು ಮಕ್ಕಳಿಗೂ ಅರಮನೆಯಿಂದ ಅಳೆದು ಕೊಟ್ಟ ಎಣ್ಣೆಯ ಲೆಕ್ಕ ಇದೆ. ಒಂದು ಕಾಲಕ್ಕೆ ದಾವೀದನ ಸಿಂಹಾಸನದಲ್ಲಿ ಕೂತವನು ಈಗ ಶತ್ರುವಿನ ಪಡಿಗೆ ಕೈಚಾಚಿ ಬದುಕುತ್ತಿದ್ದ.

ಅದೇ ಸೆರೆಯಲ್ಲಿ ಯೆಹೆಜ್ಕೇಲನೂ ಇದ್ದ. ದರ್ಶನ ಬಂದದ್ದು ಸೆರೆಯ ಐದನೆಯ ವರ್ಷ, ಅಂದರೆ ಕ್ರಿ.ಪೂ. 593. ಪುಸ್ತಕ ಶುರುವಾಗುವುದೇ "ಮೂವತ್ತನೆಯ ವರ್ಷದಲ್ಲಿ" ಅಂತ. ಅದು ಅವನ ವಯಸ್ಸು ಎಂದು ಬಹಳ ಜನ ತಿಳಿಯುತ್ತಾರೆ, ನಾನೂ ಹಾಗೇ ಓದುತ್ತೇನೆ. ಬೈಬಲಿನ ಅರಣ್ಯಕಾಂಡದಲ್ಲಿ ನೋಡಿದರೆ ದೇವದರ್ಶನದ ಗುಡಾರದ ಸೇವೆಗೆ ಲೇವಿಯರನ್ನು, ಅಂದರೆ ಯಾಜಕರೂ ಹುಟ್ಟಿದ ಕುಲದವರನ್ನು, ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು 30 ವರ್ಷದಿಂದ. ದೇವಾಲಯದಲ್ಲಿ ನಿಲ್ಲಬೇಕಾದ ವಯಸ್ಸಿನಲ್ಲಿ ಇವನು ಬಾಬೆಲಿನ ಕೆಬಾರ್ ನದಿಯ ದಡದಲ್ಲಿ ಸೆರೆಯವರ ನಡುವೆ ಕೂತಿದ್ದ. ಚಿಕ್ಕಂದಿನಿಂದ ಯಾವ ಕೆಲಸಕ್ಕೆ ತಯಾರಾದನೋ ಆ ಕೆಲಸವೇ ಅವನಿಗೆ ಉಳಿದಿರಲಿಲ್ಲ.

ಊರಿನಲ್ಲಿ ಉಳಿದವರ ಮಾತು ಇನ್ನೂ ಕಠಿಣ. 11ನೇ ಅಧ್ಯಾಯದಲ್ಲಿ ಅದು ಇದೆ. ಸೆರೆಹೋದವರು ಕರ್ತನಿಂದ ದೂರ ಹೋದರು, ದೇಶ ಇನ್ನು ನಮ್ಮದೇ ಅಂತ ಅವರು ಹೇಳಿಕೊಳ್ಳುತ್ತಿದ್ದರು. ದೇವಾಲಯ ಇಲ್ಲಿದೆ, ದೇವರೂ ಇಲ್ಲೇ, ದೂರ ಹೋದವರಿಗೆ ದೇವರೂ ದೂರ. ಅವರ ಲೆಕ್ಕ ಅಷ್ಟೇ.

ಈಗ ಚಕ್ರಗಳಿಗೆ ಬಾ. ಉತ್ತರದಿಂದ ಬಿರುಗಾಳಿ ಬರುತ್ತದೆ. ದೊಡ್ಡ ಮೋಡ, ಝಗಝಗಿಸುವ ಬೆಂಕಿ. ಅದರೊಳಗೆ ನಾಲ್ಕು ಜೀವಿಗಳು. ಒಂದೊಂದಕ್ಕೂ ಮನುಷ್ಯನ ಮುಖ, ಸಿಂಹದ ಮುಖ, ಎತ್ತಿನ ಮುಖ, ಹದ್ದಿನ ಮುಖ. ಅವುಗಳ ಪಕ್ಕದಲ್ಲಿ ಚಕ್ರಗಳು. ಜೀವಿಗಳು ಯಾವ ಕಡೆಗೂ ತಿರುಗದೆ ನೇರವಾಗಿ ಹೋಗುತ್ತವೆ, ಚಕ್ರಗಳೂ ಅವುಗಳ ಜೊತೆಗೇ ಹೋಗುತ್ತವೆ. ಅವುಗಳ ತಲೆಯ ಮೇಲೆ ಗಗನಮಂಡಲ, ಅದರ ಮೇಲೆ ನೀಲಮಣಿಯಂಥ ಸಿಂಹಾಸನ, ಸಿಂಹಾಸನದ ಮೇಲೆ ಮನುಷ್ಯನ ಹಾಗೆ ಕಾಣುವ ಒಂದು ರೂಪ. ಸುತ್ತಲೂ ಮಳೆಬಿಲ್ಲಿನಂಥ ಹೊಳಪು.

ಈ ಚಕ್ರಗಳ ಮೇಲೆ ಜನ ಎಷ್ಟೊಂದು ತಲೆ ಕೆಡಿಸಿಕೊಂಡಿದ್ದಾರೆ! ಹಾರುವ ಯಂತ್ರ ಅಂದವರೂ ಇದ್ದಾರೆ. ಹಿಂದಿನ ಯೆಹೂದಿ ಗುರುಗಳು ಈ ಅಧ್ಯಾಯಕ್ಕೆ ಎಷ್ಟು ಹೆದರುತ್ತಿದ್ದರೆಂದರೆ, ಅದನ್ನು ಯಾರಿಗೆ ಬೇಕಾದರೂ ಕಲಿಸಬಾರದು ಅಂತ ಕಟ್ಟುಪಾಡು ಇಟ್ಟಿದ್ದರು. 30 ವರ್ಷ ತುಂಬದವರು ಅವರಲ್ಲಿ ಇದನ್ನು ಓದುವಂತಿರಲಿಲ್ಲ ಎಂದು ಹಳೆಯ ಕಾಲದ ಕ್ರೈಸ್ತ ಪಂಡಿತ ಜೆರೋಮ್ ಒಂದು ಪತ್ರದಲ್ಲಿ ಬರೆದಿದ್ದಾನೆ. ಆ ಭಯಕ್ಕೆ ನಾನು ಬೆಲೆ ಕೊಡುತ್ತೇನೆ. ಆದರೂ ಚಕ್ರ ಯಾಕೆ ಎಂಬುದಕ್ಕೆ ಸರಳವಾದ ಉತ್ತರ ಇದೆ ಅಂತ ನನ್ನ ನಂಬಿಕೆ. ಚಕ್ರ ಇರುವುದು ಚಲಿಸುವುದಕ್ಕೆ. ಯೆರೂಸಲೇಮಿನ ಮಹಾಪವಿತ್ರ ಸ್ಥಳದಲ್ಲಿ, ಕೆರೂಬಿಗಳೆಂಬ ರೆಕ್ಕೆಯ ಜೀವಿಗಳ ನಡುವೆ, ಶಾಶ್ವತವಾಗಿ ನೆಲೆಯಾಗಿದೆ ಎಂದು ಎಲ್ಲರೂ ಅಂದುಕೊಂಡಿದ್ದ ಸಿಂಹಾಸನ ಬಾಬೆಲಿಗೆ ಬಂತು. ಶತ್ರುವಿನ ದೇಶಕ್ಕೆ, ಸೆರೆಯವರ ಪಾಳೆಯಕ್ಕೆ, ಕೆಲಸ ಕಳೆದುಕೊಂಡ ಒಬ್ಬ ಯಾಜಕ ಕೂತಿದ್ದ ಜಾಗಕ್ಕೆ ಬಂತು. ದೂರ ಹೋದವರಿಗೆ ದೇವರೂ ದೂರ ಅಂದವರ ಲೆಕ್ಕ ಅಲ್ಲೇ ತಪ್ಪಿತು. ಅವರನ್ನು ದೂರ ಕಳಿಸಿದ್ದೇನೆ ನಿಜ, ಆದರೆ ಅವರು ಹೋದ ದೇಶಗಳಲ್ಲಿ ಸ್ವಲ್ಪ ಕಾಲ ನಾನೇ ಅವರಿಗೆ ಪವಿತ್ರಾಲಯವಾದೆ ಎಂದು ಕರ್ತನು ಹೇಳುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ತುಂಬ ಹತ್ತಿರವಾದ ಮಾತು ಅದು.

ಕೆಲಸಕ್ಕಾಗಿ ಅಷ್ಟು ದೂರ ಹೋದ ಮೇಲೆ ಸಭೆಯೂ ಇಲ್ಲ, ಪ್ರಾರ್ಥನೆಗೆ ಜೊತೆಯೂ ಇಲ್ಲ, ದೇವರು ಊರಲ್ಲೇ ಉಳಿದುಬಿಟ್ಟ ಹಾಗೆ ಆಗಿದೆ ಅಂದೆಯಲ್ಲ, ಅದಕ್ಕೇ ಇದನ್ನು ಇಷ್ಟು ಒತ್ತಿ ಬರೆಯುತ್ತಿದ್ದೇನೆ. ಆತ ಊರಲ್ಲಿ ಉಳಿದಿಲ್ಲ ಕಣೋ.

ಆದರೆ ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಬರಬಲ್ಲ ಸಿಂಹಾಸನ ಹೊರಟು ಹೋಗಲೂ ಬಲ್ಲದು. 8ರಿಂದ 11ನೇ ಅಧ್ಯಾಯದವರೆಗೆ ಓದು. ದೇವಾಲಯದೊಳಗೇ ವಿಗ್ರಹಗಳು, ಗೋಡೆಯ ಮೇಲೆ ಚಿತ್ರಗಳು, ಹಿರಿಯರ ಕೈಯಲ್ಲೇ ಧೂಪಾರತಿ. ದೇಶದ ತುಂಬ ರಕ್ತ, ಊರಿನ ತುಂಬ ಅನ್ಯಾಯ. ಆಗ ಕರ್ತನ ಮಹಿಮೆ ಎದ್ದು ಹೊಸ್ತಿಲಿಗೆ ಬರುತ್ತದೆ. ಅಲ್ಲಿಂದ ಪೂರ್ವದ ಬಾಗಿಲಿಗೆ. ಅಲ್ಲಿಂದ ಪಟ್ಟಣದ ಪೂರ್ವಕ್ಕಿರುವ ಗುಡ್ಡಕ್ಕೆ. ಮನೆ ಬಿಟ್ಟು ಹೋಗಲು ಮನಸ್ಸಿಲ್ಲದವರು ಬಾಗಿಲಲ್ಲಿ ನಿಂತು ನಿಂತು ಹೋಗುತ್ತಾರಲ್ಲ, ಹಾಗೆ ಹೋಗುತ್ತದೆ. ಯಾರೂ ಅದನ್ನು ಗಮನಿಸಿದ ಹಾಗೆ ಕಾಣುವುದಿಲ್ಲ. ಆ ಭಾಗ ಓದಿದಾಗಲೆಲ್ಲ ನಮ್ಮ ಸಭೆಗಳ ನೆನಪಾಗಿ ನನಗೆ ಹೆದರಿಕೆಯಾಗುತ್ತದೆ. ಕಟ್ಟಡ ದೊಡ್ಡದಾಗಿರಬಹುದು, ಹಾಡು ಚೆನ್ನಾಗಿರಬಹುದು. ಬಡವನಿಗೆ ಅಲ್ಲಿ ನ್ಯಾಯ ಸಿಗದಿದ್ದರೆ, ದೇವರ ಹೆಸರಿನ ಮರೆಯಲ್ಲಿ ಬೇರೆ ಏನನ್ನೋ ಪೂಜಿಸುತ್ತಿದ್ದರೆ, ಆ ಮಹಿಮೆ ಅಲ್ಲೇ ಇರುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು.

ಪ್ರವಾದಿ ಯೆಶಾಯನದು ನಿನಗೆ ಗೊತ್ತಿರುವ ದರ್ಶನ, ಅದನ್ನು ಚಿಕ್ಕದಾಗಿ ಹೇಳುತ್ತೇನೆ. 52 ವರ್ಷ ಆಳಿದ ಯೂದದ ಅರಸ ಉಜ್ಜೀಯ ಸತ್ತ ವರ್ಷ ಅದು. ನೆಲದ ಸಿಂಹಾಸನ ಬರಿದಾದ ಹೊತ್ತಿಗೆ ಮೇಲಿನ ಸಿಂಹಾಸನ ಅವನಿಗೆ ಕಂಡಿತು. ಸೆರಾಫಿಯರೆಂಬ ದೇವದೂತರು ಸಹ ರೆಕ್ಕೆಗಳಿಂದ ಮುಖ ಮುಚ್ಚಿಕೊಂಡು "ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು" ಎಂದು ಕೂಗುತ್ತಿದ್ದರು. ಯೆಶಾಯನಿಗೆ ಖುಷಿ ಆಗಲಿಲ್ಲ. ಅಯ್ಯೋ, ಕೆಟ್ಟೆ, ಹೊಲಸುತುಟಿಯವನು ನಾನು ಎಂದ. ಕೆಂಡ ಅವನ ತುಟಿ ಮುಟ್ಟಿತು, ಪಾಪ ಕ್ಷಮಿಸಲ್ಪಟ್ಟಿತು. ಮರುಕ್ಷಣವೇ "ಯಾರನ್ನು ಕಳುಹಿಸಲಿ?" ಎಂಬ ದನಿ.

ಇದೊಂದನ್ನು ಗಮನಿಸು. ದೇವರನ್ನು ಕಂಡ ಪ್ರವಾದಿಗಳಲ್ಲಿ ಒಬ್ಬನೂ ಆ ಆನಂದವನ್ನು ಸವಿಯುತ್ತಾ ಕೂರಲಿಲ್ಲ. ಯೆಶಾಯನನ್ನು ಕಿವಿಗೊಡದ ಜನರ ಬಳಿಗೆ ಕಳುಹಿಸಿದ. ಯೆಹೆಜ್ಕೇಲ ಬೋರಲು ಬಿದ್ದಾಗ "ನರಪುತ್ರನೇ, ಎದ್ದು ನಿಲ್ಲು" ಎಂದು ಎಬ್ಬಿಸಿ, ಪ್ರಲಾಪ ತುಂಬಿದ ಸುರುಳಿಯನ್ನು ತಿನ್ನಿಸಿ, ಕಲ್ಲುಮನಸ್ಸಿನವರ ಬಳಿಗೆ ಕಳುಹಿಸಿದ. ಅವನು ಸೆರೆಯವರ ನಡುವೆ ಬಂದು ಏಳು ದಿನ ಬೆಪ್ಪಾಗಿ ಕೂತಿದ್ದ. ದರ್ಶನ ಅವರಿಗೆ ಬಹುಮಾನವಾಗಿ ಬರಲಿಲ್ಲ. ಹೊರಲು ಭಾರ ಇತ್ತು, ಅದನ್ನು ಹೊರುವ ಶಕ್ತಿಯಾಗಿ ಬಂತು.

ಈಗ ನಿನ್ನ ನೋವಿನ ವಿಷಯ. ಅವರಿಗೆ ಕಂಡ ದೇವರು ನನಗೇಕೆ ಕಾಣುವುದಿಲ್ಲ?

ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಶಿಷ್ಯ ಪಿಲಿಪ್ಪ ಯೇಸುವನ್ನು ಕೇಳಿದ್ದೂ ಇದೇ. ಸ್ವಾಮೀ, ನಮಗೆ ತಂದೆಯನ್ನು ತೋರಿಸು, ನಮಗೆ ಅಷ್ಟೇ ಸಾಕು ಎಂದ. ಅವನ ಮನಸ್ಸಿನಲ್ಲಿ ಬಹುಶಃ ಸಿಂಹಾಸನ, ಬೆಂಕಿ, ಮೋಡ ಇಂಥದ್ದೇ ಏನೋ ಇದ್ದಿರಬೇಕು. ಯೇಸು ಆಕಾಶವನ್ನು ತೆರೆದು ತೋರಿಸಲಿಲ್ಲ. ಇಷ್ಟು ದಿನ ನಿಮ್ಮ ಜೊತೆ ಇದ್ದರೂ ನನ್ನನ್ನು ತಿಳಿಯಲಿಲ್ಲವೇ ಪಿಲಿಪ್ಪನೇ, ನನ್ನನ್ನು ನೋಡಿದವನು ತಂದೆಯನ್ನು ನೋಡಿದ್ದಾನೆ ಎಂದ. ಅದನ್ನು ಹೇಳುವುದಕ್ಕೆ ಸ್ವಲ್ಪ ಮುಂಚೆ ಆತ ಇದೇ ಪಿಲಿಪ್ಪನ ಕಾಲು ತೊಳೆದಿದ್ದ. ಇದನ್ನು ಯೋಚಿಸಿದರೆ ನನಗೆ ಮಾತು ನಿಂತುಹೋಗುತ್ತದೆ. ಸೆರಾಫಿಯರು ಮುಖ ಮುಚ್ಚಿಕೊಳ್ಳುವಂಥವನು ಮಂಡಿಯೂರಿ ಬೆಸ್ತರ ಕಾಲು ತೊಳೆಯುತ್ತಿದ್ದಾನೆ.

ಯೆಶಾಯನು ಆತನ ಮಹಿಮೆಯನ್ನು ನೋಡಿ ಆತನ ವಿಷಯವಾಗಿ ಮಾತಾಡಿದನು ಎಂದು ಯೋಹಾನನು ತನ್ನ ಸುವಾರ್ತೆಯ 12ನೇ ಅಧ್ಯಾಯದಲ್ಲಿ ಬರೆಯುತ್ತಾನೆ. ಆತನು ಎಂದರೆ ಅಲ್ಲಿ ಯೇಸು. ಯೆಹೆಜ್ಕೇಲ ಸಿಂಹಾಸನದ ಮೇಲೆ ಮನುಷ್ಯನಂಥ ರೂಪ ಕಂಡ, ಆದರೆ ಮುಖದ ಬಗ್ಗೆ ಒಂದು ಮಾತೂ ಬರೆಯಲಿಲ್ಲ. ದಾನಿಯೇಲ ಮೇಘಗಳ ಜೊತೆ ಮಹಾವೃದ್ಧನಾದ ದೇವರ ಬಳಿಗೆ ಬರುವ ಮನುಷ್ಯಕುಮಾರನಂಥವನನ್ನು ಕಂಡ, ಹೆಸರು ಹೇಳಲಿಲ್ಲ. ಮಹಾಯಾಜಕನ ಮುಂದೆ ಕೈದಿಯಾಗಿ ನಿಂತಾಗ ಯೇಸು ದಾನಿಯೇಲನ ಆ ಮಾತನ್ನೇ ತನ್ನ ಬಗ್ಗೆ ಹೇಳಿಕೊಂಡ. ಅದಕ್ಕೇ ಆತನಿಗೆ ಮರಣದಂಡನೆ ಆಯಿತು. ಪ್ರಕಟನೆ ಪುಸ್ತಕದಲ್ಲಿ, ಪತ್ಮೋಸ್ ದ್ವೀಪದಲ್ಲಿದ್ದ ಯೋಹಾನನಿಗೆ ಯೂದಕುಲದ ಸಿಂಹ ಗೆದ್ದಿದೆ ಎಂಬ ಮಾತು ಕೇಳಿಸುತ್ತದೆ. ತಿರುಗಿ ನೋಡಿದರೆ ಸಿಂಹಾಸನದ ಮಧ್ಯೆ ನಿಂತಿರುವುದು ವಧಿಸಲ್ಪಟ್ಟಂತಿರುವ ಕುರಿ. ಅಲ್ಲಿಯೂ ಅದೇ ನಾಲ್ಕು ಜೀವಿಗಳು, ಅದೇ ಮಳೆಬಿಲ್ಲು, ಅದೇ "ಪರಿಶುದ್ಧನು." ಯೆಹೆಜ್ಕೇಲನೂ ಯೆಶಾಯನೂ ಕಂಡದ್ದೆಲ್ಲ ಅಲ್ಲಿ ಒಟ್ಟುಗೂಡಿದೆ, ನಡುವೆ ಗಾಯದ ಗುರುತು ಇರುವವನು ಇದ್ದಾನೆ.

ಹಾಗಾಗಿ ಇವತ್ತಿನ ಕ್ರೈಸ್ತನಿಗೆ ಪ್ರವಾದಿಗಳಿಗಿಂತ ಕಡಿಮೆ ಸಿಕ್ಕಿಲ್ಲ, ಜಾಸ್ತಿಯೇ ಸಿಕ್ಕಿದೆ. ಅವರು ಹೊಳಪನ್ನು ಕಂಡರು, ನಮಗೆ ಯೇಸು ಕ್ರಿಸ್ತನ ಮುಖ ಸಿಕ್ಕಿದೆ. ಇದು ನಿನ್ನನ್ನು ಸಮಾಧಾನ ಮಾಡಲು ಸುಮ್ನೆ ಹೇಳುವ ಮಾತಲ್ಲ, ಪೌಲನು ಕೊರಿಂಥದವರಿಗೆ ಬರೆದದ್ದೇ ಇದು. ಆದರೆ ದರ್ಶನಗಳನ್ನು ನಾವು ಪಕ್ಕಕ್ಕಿಡಬಾರದು. ಅವು ಇಲ್ಲದಿದ್ದರೆ ಯೇಸುವನ್ನು ಒಬ್ಬ ಒಳ್ಳೆಯ ಗುರು, ಒಬ್ಬ ಸ್ನೇಹಿತ ಎಂದಷ್ಟೇ ಮಾಡಿಕೊಂಡುಬಿಡುತ್ತೇವೆ. ಆ ಕಾಲು ತೊಳೆದವನು ಯಾರು ಎಂದು ತಿಳಿಯಬೇಕಾದರೆ ಮೊದಲು ಕೆಬಾರ್ ನದಿಯ ಹತ್ತಿರ ಬೋರಲು ಬೀಳಬೇಕು.

"ನನಗೆ ದರ್ಶನ ಆಯಿತು" ಅನ್ನುವವರ ಬಗ್ಗೆಯೂ ಕೇಳಿದ್ದೀಯ. ದೇವರು ಈಗ ತೋರಿಸಲಾರ ಎಂದು ನಾನು ಹೇಳುವುದಿಲ್ಲ. ಮೊದಲ ಸಭೆಯ ಸ್ತೆಫನನು ಕಲ್ಲೇಟು ತಿನ್ನುವ ಮುಂಚೆ ಆಕಾಶ ತೆರೆದದ್ದನ್ನು ಕಂಡ. ಆದರೆ ಏನೂ ಕಾಣದೆ ತಮ್ಮ ಮನಸ್ಸಿಗೆ ತೋಚಿದ್ದನ್ನು ಸಾರುವ ಪ್ರವಾದಿಗಳ ಬಗ್ಗೆ ಯೆಹೆಜ್ಕೇಲನೇ 13ನೇ ಅಧ್ಯಾಯದಲ್ಲಿ ಎಷ್ಟು ಖಾರವಾಗಿ ಬರೆದಿದ್ದಾನೆ ನೋಡು. ನಾನು ಎರಡು ವಿಷಯ ನೋಡುತ್ತೇನೆ. ಕಂಡೆ ಅನ್ನುವವನು ಅದರಿಂದ ತಗ್ಗಿದನೇ, ಇಲ್ಲ ಮೆರೆದನೇ? ಜನರ ಕಣ್ಣು ಯೇಸುವಿನ ಕಡೆ ತಿರುಗಿತೇ, ಇಲ್ಲ ಅವನ ಕಡೆಗೇ? ದರ್ಶನದ ಹೆಸರಿನಲ್ಲಿ ದುಡ್ಡು ಕೇಳುವವನ ಮಾತನ್ನು ಮಾತ್ರ ಕೇಳಬೇಡ.

ನಿನಗೆ ಬಹಳ ಬೇಕಾದದ್ದು ಎಂದು ನನಗೆ ಅನ್ನಿಸುವುದು ಇನ್ನೊಂದಿದೆ. ಯೆಹೆಜ್ಕೇಲ ತನ್ನ ಪುಸ್ತಕದಲ್ಲಿ ತಾರೀಖು ಬರೆದಿಡುತ್ತಾ ಹೋಗಿದ್ದಾನೆ. ಮಹಿಮೆ ದೇವಾಲಯ ಬಿಟ್ಟು ಹೋದದ್ದನ್ನು ಕಂಡದ್ದು ಸೆರೆಯ ಆರನೆಯ ವರ್ಷ. ಅದು ಪೂರ್ವದಿಂದ ತಿರುಗಿ ಬರುವುದನ್ನು ಕಂಡದ್ದು 25ನೆಯ ವರ್ಷ. ನಡುವೆ ಸುಮಾರು 19 ವರ್ಷ. ಅಷ್ಟರಲ್ಲಿ ಅವನ ಕಣ್ಣಿಗೆ ಪ್ರಿಯಳಾದ ಹೆಂಡತಿ ಸತ್ತಳು, ಗಟ್ಟಿಯಾಗಿ ಅಳಲೂ ಅವನಿಗೆ ಅಪ್ಪಣೆ ಇರಲಿಲ್ಲ. ಯೆರೂಸಲೇಮು ಬಿತ್ತು, ದೇವಾಲಯ ಸುಟ್ಟುಹೋಯಿತು. ಒಣ ಎಲುಬುಗಳಿಗೆ ಜೀವ ಬರುವುದನ್ನು ಕರ್ತನು ತೋರಿಸಿದ, ಮಾತು ಮತ್ತೆ ಮತ್ತೆ ಬಂತು. ಆದರೆ ಆ ಸಿಂಹಾಸನವನ್ನು ಮತ್ತೆ ಕಂಡೆ ಎಂದು ಅಷ್ಟು ವರ್ಷಗಳಲ್ಲಿ ಅವನು ಎಲ್ಲೂ ಬರೆದಿಲ್ಲ. ದೇವರನ್ನು ಅಷ್ಟು ಸ್ಪಷ್ಟವಾಗಿ ಕಂಡವನು ಕೂಡ ಬದುಕಿನ ಹೆಚ್ಚಿನ ದಿನಗಳನ್ನು ಕೇಳಿದ ಮಾತನ್ನು ಹಿಡಿದುಕೊಂಡೇ ಕಳೆದ. ನಿನ್ನ ಈ ಒಣ ದಿನಗಳು ದೇವರು ನಿನ್ನನ್ನು ಬಿಟ್ಟ ಗುರುತು ಅಂತ ಯಾಕೆ ಅಂದುಕೊಳ್ಳುತ್ತೀಯ?

ಮತ್ತೆ ಓದಲು ಶುರು ಮಾಡುವುದಾದರೆ 1ನೇ ಅಧ್ಯಾಯ, ಆಮೇಲೆ 8ರಿಂದ 11, ಆಮೇಲೆ 43, ಕೊನೆಗೆ ಯೋಹಾನನ ಸುವಾರ್ತೆಯ 1ನೇ ಅಧ್ಯಾಯ ಓದು. 40ರಿಂದ 42ರವರೆಗಿನ ಅಳತೆಗಳನ್ನು ಸದ್ಯಕ್ಕೆ ಬಿಡು. ಮಹಿಮೆ ಹೋಗಿ ನಿಂತ ಆ ಪೂರ್ವದ ಗುಡ್ಡ ಎಣ್ಣೇಮರಗಳ ಗುಡ್ಡ ಇರುವ ದಿಕ್ಕೇ. ಅದೇ ಗುಡ್ಡ ಇಳಿದು ಬರುತ್ತಾ ಯೇಸು ಪಟ್ಟಣವನ್ನು ನೋಡಿ ಅತ್ತದ್ದನ್ನು ಲೂಕನ 19ರಲ್ಲಿ ಜೊತೆಗೇ ಓದು.

ಇನ್ನೊಂದು ಕೆಲಸ ಮಾಡು. 8ನೇ ಅಧ್ಯಾಯದ ದರ್ಶನ ಬಂದಾಗ ಯೆಹೆಜ್ಕೇಲ ಒಬ್ಬನೇ ಇರಲಿಲ್ಲ, ತನ್ನ ಮನೆಯಲ್ಲಿದ್ದ, ಯೂದದ ಹಿರಿಯರು ಅವನೆದುರು ಕೂತಿದ್ದರು. ನೀನೂ ಒಬ್ಬನೇ ಇರಬೇಡ. ದೊಡ್ಡ ಸಭೆ ಸಿಗದಿದ್ದರೆ ಚಿಂತೆಯಿಲ್ಲ, ವಾರಕ್ಕೊಮ್ಮೆ ಕೂತು ವಾಕ್ಯ ಓದುವ ಇಬ್ಬರು ಸಿಕ್ಕರೂ ಸಾಕು. ಅಲ್ಲಿಯವರೆಗೆ ಭಾನುವಾರ ಸಂಜೆ ನನಗೆ ಫೋನ್ ಮಾಡು, ನಾವಿಬ್ಬರೇ ಒಂದೊಂದು ಅಧ್ಯಾಯ ಓದಿ ಪ್ರಾರ್ಥನೆ ಮಾಡೋಣ. ದಾನಿಯೇಲನ ನಾಲ್ಕು ಮೃಗಗಳ ಬಗ್ಗೆ ಕೇಳಿದ್ದೆಯಲ್ಲ, ಅದನ್ನು ಬರೆದು ಮುಗಿಸಲು ಇನ್ನೊಂದು ಪತ್ರವೇ ಬೇಕು. ಮುಂದಿನ ಸಲ ಬರೆಯುತ್ತೇನೆ.

ಕರ್ತನಲ್ಲಿ,
ನಿನ್ನ ಗೆಳೆಯ