ಜಾವೇರ್‌ನನ್ನು ಖಳನಾಯಕ ಎನ್ನಬೇಡಿ

ಸಂಪಾದಕರಿಗೆ,

ಮಾನ್ಯರೇ,

ವಿಕ್ಟರ್ ಹ್ಯೂಗೋ ಅವರ ‘ಲೆ ಮಿಸರಾಬ್ಲ್’ ಕಾದಂಬರಿಯನ್ನು ಆಧರಿಸಿ 1978ರಲ್ಲಿ ತೆಗೆದ ಟೆಲಿವಿಷನ್ ಚಿತ್ರದ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಜೈಲಿನಿಂದ ಹೊರಬಂದ ವಾಲ್‌ಜಾನ್‌ನ ಬೆನ್ನು ಹತ್ತುವ ಇನ್‌ಸ್ಪೆಕ್ಟರ್ ಜಾವೇರ್‌ನನ್ನು ಲೇಖಕರು ಮೂರು ಕಡೆ ‘ಖಳನಾಯಕ’ ಎಂದು ಕರೆದಿದ್ದಾರೆ. ಆ ಪದಕ್ಕೆ ನನ್ನ ಆಕ್ಷೇಪವಿದೆ. ನಾನು ಇಪ್ಪತ್ತೊಂಬತ್ತು ವರ್ಷ ಜೈಲಿನಲ್ಲಿ ವಾರ್ಡರ್ ಆಗಿ, ಕೊನೆಗೆ ಮುಖ್ಯ ವಾರ್ಡರ್ ಆಗಿ ದುಡಿದು ನಿವೃತ್ತನಾದವನು.

ಚಿತ್ರವನ್ನು ಹೊಗಳಿದ್ದಕ್ಕೆ ತಕರಾರಿಲ್ಲ. ಗ್ಲೆನ್ ಜೋರ್ಡಾನ್ ನಿರ್ದೇಶಿಸಿದ ಈ ಚಿತ್ರದಲ್ಲಿ ರಿಚರ್ಡ್ ಜೋರ್ಡಾನ್ ವಾಲ್‌ಜಾನ್ ಆಗಿದ್ದಾರೆ, ಆಂಥನಿ ಪರ್ಕಿನ್ಸ್ ಜಾವೇರ್ ಆಗಿದ್ದಾರೆ. ಸಣ್ಣ ಪಾತ್ರಗಳಿಗೂ ಜಾನ್ ಗೀಲ್‌ಗುಡ್, ಸೀಲಿಯಾ ಜಾನ್ಸನ್, ಫ್ಲೋರಾ ರಾಬ್ಸನ್ ಅವರಂಥ ದೊಡ್ಡ ಕಲಾವಿದರು. ಮಗಳು ಲ್ಯಾಪ್‌ಟಾಪಿನಲ್ಲಿ ಹಾಕಿಕೊಟ್ಟಳು, ಒಂದೇ ಪಟ್ಟಿಗೆ ಕೂತು ನೋಡಿದೆ. ಪರ್ಕಿನ್ಸ್ ಅವರ ಆ ನೀಳವಾದ, ಬಿಗಿದ ಮೈಕಟ್ಟು ಕಂಡ ಕೂಡಲೇ ನನ್ನ ಮೊದಲ ಮೇಲಧಿಕಾರಿ ಕಣ್ಣಿಗೆ ಕಟ್ಟಿದರು. ಗೇಟ್ ರಿಜಿಸ್ಟರಿನಲ್ಲಿ ಒಂದು ಅಂಕಿ ಅಳಿಸಿ ತಿದ್ದಿದ್ದರೆ ಅವರಿಗೆ ಅಂದು ಊಟ ಸೇರುತ್ತಿರಲಿಲ್ಲ. ಲಂಚ ಮುಟ್ಟಿದವರಲ್ಲ. ಬಂದಿಯ ಮೇಲೆ ಕೈ ಎತ್ತಿದವರೂ ಅಲ್ಲ. ಯಾರಿಗೂ ಒಂದು ಗಳಿಗೆ ರಿಯಾಯಿತಿ ಕೊಟ್ಟವರೂ ಅಲ್ಲ.

ಜಾವೇರ್ ಅಂಥವನೇ. ಅವನು ಹುಟ್ಟಿದ್ದೇ ಜೈಲಿನಲ್ಲಿ ಎಂಬುದನ್ನು ಲೇಖನ ಹೇಳಲಿಲ್ಲ. ತಾಯಿ ಕಣಿ ಹೇಳುವವಳು, ತಂದೆ ಸಜಾ ಬಂದಿ. ಸಮಾಜದ ಬಾಗಿಲು ತನಗೆ ಎಂದೂ ತೆರೆಯದು ಎಂದು ತಿಳಿದ ಹುಡುಗ ಅದೇ ಬಾಗಿಲಿಗೆ ಕಾವಲುಗಾರನಾಗಿ ನಿಂತ. ಮುಂದೆ ತಾನು ಊರಿನ ಮೇಯರ್‌ನನ್ನು ವಾಲ್‌ಜಾನ್ ಎಂದು ತಪ್ಪಾಗಿ ಅನುಮಾನಿಸಿದೆನೆಂದು ಅವನಿಗೆ ಅನ್ನಿಸಿದಾಗ ನೇರವಾಗಿ ಆ ಮೇಯರ್ ಎದುರೇ ಹೋಗಿ ನಿಂತು, ತನ್ನನ್ನು ಕೆಲಸದಿಂದ ವಜಾ ಮಾಡಬೇಕೆಂದು ಕೇಳುತ್ತಾನೆ. ರಾಜೀನಾಮೆ ಗೌರವದ ದಾರಿ, ತನಗೆ ಅದು ಸಲ್ಲದು ಎನ್ನುತ್ತಾನೆ. ಇಷ್ಟು ವರ್ಷದ ಸರ್ಕಾರಿ ನೌಕರಿಯಲ್ಲಿ ಹೀಗೆ ಕೇಳಿದ ಒಬ್ಬನನ್ನೂ ನಾನು ಕಂಡಿಲ್ಲ.

(1950ರ ತಮಿಳು ಚಿತ್ರ ‘ಏಳೈ ಪಡುಂ ಪಾಡು’ ಇದೇ ಕಥೆ. ಅದರಲ್ಲಿ ನಾಗಯ್ಯನವರ ಎದುರು ಇನ್‌ಸ್ಪೆಕ್ಟರ್ ಆದ ಸೀತಾರಾಮನ್ ಆಮೇಲೆ ಕೊನೆಯವರೆಗೂ ‘ಜಾವರ್’ ಸೀತಾರಾಮನ್ ಎಂದೇ ಹೆಸರಾದರು. ಹಳಬರಿಗೆ ನೆನಪಿರಬಹುದು.)

ಜಾವೇರ್‌ನ ಪರ ಇಷ್ಟು ಮಾತನಾಡುವವನು ವಾಲ್‌ಜಾನ್‌ನ ಸಂಕಟ ಅರಿಯದವನು ಎಂದುಕೊಳ್ಳಬೇಡಿ. ರೊಟ್ಟಿ ಕದ್ದದ್ದಕ್ಕೆ ಐದು ವರ್ಷ, ತಪ್ಪಿಸಿಕೊಳ್ಳಲು ನೋಡಿದ್ದಕ್ಕೆ ಹದಿನಾಲ್ಕು, ಒಟ್ಟು 19 ವರ್ಷ ಅವನು ತುಲೋನ್ ಬಂದೀಖಾನೆಯಲ್ಲಿದ್ದ. ಬಿಡುಗಡೆಯ ದಿನ 171 ಫ್ರಾಂಕ್ ಕೂಲಿ ಬರಬೇಕೆಂದು ಲೆಕ್ಕ ಹಾಕಿಕೊಂಡಿದ್ದವನ ಕೈಗೆ ಬಂದದ್ದು 109 ಫ್ರಾಂಕ್ 15 ಸೂ (ಇಪ್ಪತ್ತು ಸೂ ಸೇರಿದರೆ ಒಂದು ಫ್ರಾಂಕ್). ಭಾನುವಾರ, ಹಬ್ಬದ ದಿನಗಳನ್ನು ಕಳೆದಿದ್ದರು, ಇನ್ನೂ ಏನೇನೋ ಮುರಿದುಕೊಂಡಿದ್ದರು. ಮಾರನೆಯ ದಿನ ಕೂಲಿಗೆ ಹೋದರೆ ಬೇರೆಯವರಿಗೆ 30 ಸೂ, ಅವನಿಗೆ 15. ಜೇಬಿನಲ್ಲಿ ಮಾಜಿ ಬಂದಿ ಎಂದು ಸಾರುವ ಹಳದಿ ರಹದಾರಿ ಇತ್ತಲ್ಲ! 1815ರ ಅಕ್ಟೋಬರಿನ ಒಂದು ಸಂಜೆ ದೀನ್ಯ ಪಟ್ಟಣದಲ್ಲಿ ಯಾವ ಛತ್ರದಲ್ಲೂ ಜಾಗ ಸಿಗದೆ ಕೊನೆಗೆ ಅವನು ತಟ್ಟಿದ್ದು ಅಲ್ಲಿನ ಜೈಲಿನ ಬಾಗಿಲನ್ನು. ರಾತ್ರಿ ಮಲಗಲು ಜಾಗ ಕೊಡಿ ಎಂದ. ಜೈಲು ಛತ್ರವಲ್ಲ, ಬೇಕಿದ್ದರೆ ದಸ್ತಗಿರಿಯಾಗಿ ಬಾ ಎಂದು ಕಾವಲಿನವನು ಕಿಂಡಿ ಮುಚ್ಚಿದ.

ಪುಸ್ತಕದ ಈ ಭಾಗ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. 1994ರ ಒಂದು ಸಂಜೆ ನಮ್ಮ ಜೈಲಿಗೆ ಒಬ್ಬನ ಬಿಡುಗಡೆಯ ಆದೇಶ ತಡವಾಗಿ ಬಂತು. ಹನ್ನೊಂದು ವರ್ಷ ಒಳಗಿದ್ದ ಮನುಷ್ಯ. ಒಳಗೆ ಬರುವಾಗ ತೊಟ್ಟಿದ್ದ ಅಂಗಿಯನ್ನು ಗಂಟಿನಿಂದ ತೆಗೆದು ಕೊಟ್ಟೆವು. ಮಡಿಕೆಯ ಗೆರೆಗಳಲ್ಲಿ ಬಟ್ಟೆ ಜೀರ್ಣವಾಗಿ, ತೋಳು ತೂರಿಸುವಾಗಲೇ ಪರ್ರನೆ ಹರಿಯಿತು. ಅವನು ಹರಿದ ಕಡೆಯನ್ನು ಕೈಯಿಂದ ಮುಚ್ಚಿಕೊಂಡು ರಿಜಿಸ್ಟರಿಗೆ ಹೆಬ್ಬೆಟ್ಟು ಒತ್ತಿದ. ಊರಿನ ಕೊನೆಯ ಬಸ್ ಹೋಗಿಯಾಗಿತ್ತು. ಗೇಟಿನ ಹೊರಗಿನ ಕಲ್ಲುಬೆಂಚು ತೋರಿಸಿ, “ಬೆಳಗಿನವರೆಗೆ ಇಲ್ಲಿ ಒರಗಿಕೊಳ್ಳಲಾ ಸ್ವಾಮಿ?” ಎಂದು ಕೇಳಿದ. ಬಿಡುಗಡೆಯಾದವನು ಆವರಣದಲ್ಲಿ ಇರುವಂತಿಲ್ಲ ಎಂದೆ. ಸಿಟ್ಟಿನಿಂದ ಹೇಳಲಿಲ್ಲ. ನಿಯಮ ಹೇಳಿದೆ, ಅಷ್ಟೆ. ಅವನು “ಆಗಲಿ ಸ್ವಾಮಿ” ಎಂದು ಹೊರಟ. ಎಲ್ಲಿ ಮಲಗಿದನೋ ತಿಳಿಯದು. ಆ ದಿನ ನನ್ನನ್ನು ಯಾರಾದರೂ ಖಳನಾಯಕ ಎಂದಿದ್ದರೆ ನನಗೆ ಅರ್ಥವೇ ಆಗುತ್ತಿರಲಿಲ್ಲ. ಮನೆಗೆ ಹೋಗಿ ಊಟ ಮಾಡಿ ಮಲಗಿದ್ದೆ.

ಖಳನಾಯಕ ಎಂದುಬಿಟ್ಟರೆ ನನ್ನಂಥವರೆಲ್ಲ ಸುಲಭವಾಗಿ ಪಾರಾಗುತ್ತೇವೆ. ಖಳನೆಂದರೆ ಕೆಟ್ಟವನು, ನಾವು ಕೆಟ್ಟವರಲ್ಲವಲ್ಲ ಎಂದುಕೊಳ್ಳುತ್ತೇವೆ. ತನ್ನ ಮನೆಯ ಬೆಳ್ಳಿ ತಟ್ಟೆ ಕದ್ದು ಸಿಕ್ಕಿಬಿದ್ದ ವಾಲ್‌ಜಾನ್‌ಗೆ ಬಿಷಪ್ ಮಿರಿಯೆಲ್ ಎರಡು ಬೆಳ್ಳಿ ದೀಪಸ್ತಂಭಗಳನ್ನೂ ಕೊಟ್ಟು ಕಳಿಸುವ ದೃಶ್ಯವನ್ನು ಲೇಖಕರು ಮನಮುಟ್ಟುವಂತೆ ವರ್ಣಿಸಿದ್ದಾರೆ. ಅದೇ ಬಗೆಯ ದಾನ ಜಾವೇರ್‌ಗೂ ಸಿಗುತ್ತದೆ. ದಂಗೆಕೋರರ ಕೈಗೆ ಸಿಕ್ಕಿ ಕಟ್ಟಿಹಾಕಿಸಿಕೊಂಡಿದ್ದ ಅವನನ್ನು, ಕೊಲ್ಲಲು ಅವಕಾಶವಿದ್ದರೂ ವಾಲ್‌ಜಾನ್ ಹಗ್ಗ ಕತ್ತರಿಸಿ ಬಿಟ್ಟುಕಳಿಸುತ್ತಾನೆ. ಒಬ್ಬ ಅದನ್ನು ಹೊತ್ತು ಬದುಕಿದ, ಇನ್ನೊಬ್ಬನಿಗೆ ಹೊರಲಾಗಲಿಲ್ಲ. ಕೊಟ್ಟದ್ದನ್ನು ಜಮಾ ಮಾಡಿಕೊಳ್ಳಲು ಅವನ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ.

ಕೊನೆಯದಾಗಿ ಒಂದು ಸಂಗತಿ. ಪುಸ್ತಕದಲ್ಲಿ ಜಾವೇರ್ ಸೇನ್ ನದಿಗೆ ಹಾರುವ ಮುನ್ನ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ, ಕಾಗದ, ಲೇಖನಿ ಹಿಡಿದು ಕೂರುತ್ತಾನೆ. ಇಲಾಖೆಯ ಒಳಿತಿಗಾಗಿ ಹತ್ತು ಅಂಶಗಳನ್ನು ಬರೆದು, ಹುದ್ದೆ ಸಮೇತ ಸಹಿ ಹಾಕಿ, 7 ಜೂನ್ 1832, ರಾತ್ರಿ ಸುಮಾರು ಒಂದು ಗಂಟೆ ಎಂದು ನಮೂದಿಸುತ್ತಾನೆ. ನೇಯ್ಗೆ ಕೋಣೆಯಲ್ಲಿ ನೂಲು ತುಂಡಾದರೆ ಬಂದಿಯಿಂದ ಹತ್ತು ಸೂ ಮುರಿದುಕೊಳ್ಳುವುದು ಗುತ್ತಿಗೆದಾರನ ಅನ್ಯಾಯ, ನೂಲು ಹರಿದರೂ ಬಟ್ಟೆಗೇನೂ ಕೇಡಿಲ್ಲ ಎನ್ನುತ್ತಾನೆ. ಭೇಟಿಗೆ ಬಂದವರಿದ್ದಾರೆಂದು ಬಂದಿಯ ಹೆಸರು ಸ್ಪಷ್ಟವಾಗಿ ಕೂಗಲು ಎರಡು ಸೂ ಕೀಳುವುದು ಕಳ್ಳತನ ಎನ್ನುತ್ತಾನೆ. ಎರಡನೆಯ ಅಂಶ ಹೀಗಿದೆ: ವಿಚಾರಣೆ ಮುಗಿಸಿ ಬಂದ ಬಂದಿಗಳನ್ನು ತಪಾಸಣೆಯ ಹೊತ್ತಿನಲ್ಲಿ ಪಾದರಕ್ಷೆ ಕಳಚಿಸಿ ಬರಿಗಾಲಲ್ಲಿ ಚಪ್ಪಡಿಯ ಮೇಲೆ ನಿಲ್ಲಿಸುತ್ತಾರೆ, ಹಲವರು ಕೆಮ್ಮು ಹತ್ತಿಸಿಕೊಂಡು ಮರಳುತ್ತಾರೆ, ಆಸ್ಪತ್ರೆಯ ಖರ್ಚು ಬೆಳೆಯುತ್ತದೆ.

ನಮ್ಮ ಗೇಟಿನ ಒಳಗೂ ಕಡಪಾ ಕಲ್ಲು ಹಾಸಿತ್ತು. ಡಿಸೆಂಬರಿನಲ್ಲಿ ಸಂಜೆ ಆರೂವರೆಗೆ ನ್ಯಾಯಾಲಯದಿಂದ ವ್ಯಾನ್ ಬರುತ್ತಿತ್ತು. ಚಪ್ಪಲಿ ಗೋಡೆಯ ಬದಿಗೆ ಬಿಡಿಸಿ ಸಾಲಾಗಿ ನಿಲ್ಲಿಸುತ್ತಿದ್ದೆವು. ನಲವತ್ತು ಜನರ ತಪಾಸಣೆ ಮುಗಿಯುವಷ್ಟರಲ್ಲಿ ಸಾಲಿನ ಕೊನೆಯವರು ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟು ಕಾಲು ಬದಲಿಸುತ್ತಿರುತ್ತಿದ್ದರು. ನೆಟ್ಟಗೆ ನಿಲ್ಲಿ ಎಂದು ಗದರಿಸಿದ್ದೇನೆ. ಒಂದು ಗೋಣಿತಾಟು ಹಾಸಿದ್ದರೆ ಸಾಕಿತ್ತು. ಅದಕ್ಕಾಗಿ ಮೇಲಿನವರಿಗೆ ಒಂದು ಸಾಲಿನ ಟಿಪ್ಪಣಿಯನ್ನೂ ನಾನು ಬರೆಯಲಿಲ್ಲ.

ಜಾವೇರ್ ಬರೆದಿದ್ದ.

ಇಂತಿ,
ಒಬ್ಬ ನಿವೃತ್ತ ಮುಖ್ಯ ವಾರ್ಡರ್, ಹಾಸನ