ಗುಬ್ಬಕ್ಕನ ಬಾಗಿಲು ಮತ್ತು ನಿನ್ನ ಮಗಳ ವರ್ಕ್‌ಶೀಟ್

ಪ್ರೀತಿಯ ಗೆಳೆಯಾ,

ಉಡುಪಿಯಲ್ಲಿ ಇವತ್ತು ಡಿಸಿಯವರು ಮಳೆ ರಜೆ ಕೊಟ್ಟಿದ್ದಾರೆ, ಹಾಗಾಗಿ ನಿನ್ನ ವಾಯ್ಸ್ ಮೆಸೇಜಿಗೆ ಉತ್ತರ ಬರೆಯಲು ಪುರುಸೊತ್ತು ಸಿಕ್ಕಿತು. 'ಕಥೆಯ ಪಾತ್ರಕ್ಕೆ ವೃತ್ತ ಹಾಕಿ, ಕಥೆ ನಡೆದ ಸ್ಥಳಕ್ಕೆ ಬಣ್ಣ ತುಂಬಿ' ಅಂತ ಎಲ್‌ಕೆಜಿಯಲ್ಲಿ ಹಾಳೆ ಕೊಟ್ಟಿದ್ದಾರೆ, ಮಗಳು ಕಂಡದ್ದಕ್ಕೆಲ್ಲ ವೃತ್ತ ಹಾಕಿ ಕೂತಿದ್ದಾಳೆ ಅಂತ ನೀನು ಹೇಳಿದೆ. ಆ ಹಾಳೆಯನ್ನು ಒಮ್ಮೆ ಬದಿಗಿಡು ಮಾರಾಯ. ನಾನು 'ಈ ಕಥೆಯ ಪಾತ್ರ ಯಾವುದು?' ಅಂತ ಕೇಳಿದಾಗ ನಮ್ಮ ಕ್ಲಾಸಿನ ಒಬ್ಬ ಹುಡುಗ ಎದ್ದುಹೋಗಿ ನೀರಿನ ಚೆಂಬು ತೋರಿಸಿದ್ದ. ಅವನ ತಪ್ಪೇನಿಲ್ಲ, ಪಾತ್ರೆ ಅವನಿಗೆ ಗೊತ್ತು. ಆವತ್ತಿನಿಂದ ನಾನು 'ಯಾರು' ಅಂತಲೇ ಕೇಳುವುದು.

ನಾನೂ ಶುರುವಿನಲ್ಲಿ ಎಡವಿದ್ದೆ. ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಾ ವಾಕ್ಯಕ್ಕೊಂದು ಪ್ರಶ್ನೆ ಕೇಳುತ್ತಿದ್ದೆ. ಮಳೆ ಬಂತು, ಮಳೆ ಎಲ್ಲಿ ಬಂತು ಮಕ್ಕಳೇ? ಕಾಗಕ್ಕ ಬಾಗಿಲು ಬಡಿಯಿತು, ಯಾರು ಬಡಿದದ್ದು ಮಕ್ಕಳೇ? ಹತ್ತು ನಿಮಿಷದಲ್ಲಿ ಅರ್ಧ ಮಕ್ಕಳು ಕಿಟಕಿ ಹತ್ತಿರ. ಕಥೆಯನ್ನು ಕಥೆಯಾಗಿ ಮೊದಲು ಒಂದು ಸಲ, ಬೇಕಾದರೆ ನಾಲ್ಕು ಸಲ, ಪೂರ್ತಿ ಹೇಳಬೇಕು. ಪ್ರಶ್ನೆ ಏನಿದ್ದರೂ ಮರುದಿನ.

ಮರುದಿನ ಐದು ಬೆರಳು. ಹೆಬ್ಬೆರಳು ಯಾರು, ತೋರುಬೆರಳು ಎಲ್ಲಿ, ನಡುಬೆರಳು ಎಂತ ಆಯ್ತು, ಉಂಗುರಬೆರಳು ಆಮೇಲೆ ಎಂತ ಮಾಡಿದ್ರು, ಕಿರುಬೆರಳು ಕೊನೆಗೆ. 'ಯಾರು' ಸುಲಭ, ಮೂರು ವರ್ಷದವರೂ ಹೇಳುತ್ತಾರೆ. ಅವರ ಹತ್ತಿರ ಅದಕ್ಕಿಂತ ಜಾಸ್ತಿ ಎಳೆಯಬೇಡ.

'ಎಲ್ಲಿ' ಕಷ್ಟ ಅಂತ ನನಗೆ ಗೊತ್ತೇ ಇರಲಿಲ್ಲ. ಕಥೆ ಎಲ್ಲಿ ನಡೆಯಿತು ಅಂದರೆ ಎಲ್ಲರೂ ಚಾಪೆ ತೋರಿಸಿದರು. ಸರಿಯೇ ಅಲ್ವಾ, ಅವರು ಕೇಳಿದ್ದು ಅಲ್ಲೇ! ಆಮೇಲೆ ಎರಡು ಚಾಪೆ ಹಾಕಿದೆ, ಒಂದರ ಮೇಲೆ ಮುರಕಲ್ಲಿನ ತುಂಡು ಇಟ್ಟು ಗುಬ್ಬಕ್ಕನ ಮನೆ, ಇನ್ನೊಂದರಲ್ಲಿ ಬಟ್ಟಲಲ್ಲಿ ಉಪ್ಪು ಗುಡ್ಡೆ ಮಾಡಿ ಕಾಗಕ್ಕನ ಮನೆ. ಚೆಂಬಿನಿಂದ ಮಳೆ ಸುರಿಸಿದೆ. ಮೊದಲ ಸಲ ಕಲ್ಲುಪ್ಪು ತಂದಿದ್ದೆ, ಅದು ಕರಗಲಿಕ್ಕೇ ಒಪ್ಪಲಿಲ್ಲ, ಕಾಗಕ್ಕನ ಮನೆ ಗಟ್ಟಿಯಾಗಿ ನಿಂತಿತು, ನಾನು ಪೆದ್ದು ಮುಖ ಮಾಡಿ ನಿಂತೆ. ನೀನು ಪುಡಿ ಉಪ್ಪು ತಗೋ.

ನಿಜವಾದ ಮಜಾ ನಡುಬೆರಳಿನದ್ದು. ಕಥೆಯ ತೊಂದರೆ ಯಾವುದು? ಒಬ್ಬ ಮಳೆ ಅಂದ. ಒಬ್ಬಳು ಮನೆ ಹೋಯ್ತು ಅಂದಳು. ಇನ್ನೊಬ್ಬಳು, ಗುಬ್ಬಕ್ಕ ಬಾಗಿಲೇ ತೆಗೆಯುವುದಿಲ್ಲ, ಮಗುವಿಗೆ ಸ್ನಾನ ಅಂತೆ, ಊಟ ಅಂತೆ ಅಂತ ಸಿಟ್ಟಿನಿಂದ ಹೇಳಿದಳು. ಮೂಲೆಯಲ್ಲಿದ್ದ ಒಬ್ಬ ಮೆಲ್ಲ, ಗುಬ್ಬಕ್ಕನಿಗೆ ಕಾಗಕ್ಕನೇ ತೊಂದರೆ ಅಂದ. ನಾಲ್ಕೂ ಸರಿ. ನಿನ್ನ ಹಾಳೆಯಲ್ಲಿ ಇರುವುದು ಒಂದೇ ವೃತ್ತಕ್ಕೆ ಜಾಗ.

ನ್ಯಾನ್ಸಿ ಸ್ಟೈನ್ ಮತ್ತು ಕ್ರಿಸ್ಟೀನ್ ಗ್ಲೆನ್ ಎಂಬ ಇಬ್ಬರು ಸಂಶೋಧಕರು 1979ರಲ್ಲೇ ಕಥೆಗೂ ಒಂದು ವ್ಯಾಕರಣ ಇದೆ ಅಂತ ಬರೆದಿದ್ದರು. ಅವರ ಪಟ್ಟಿಯಲ್ಲಿ ಜಾಗ, ಘಟನೆ, ಪ್ರಯತ್ನ, ಫಲ ಇದ್ದ ಹಾಗೆಯೇ ಮನಸ್ಸಿಗೆ ಏನನ್ನಿಸಿತು ಎಂಬುದೂ ಇದೆ. ವರ್ಕ್‌ಶೀಟಿನವರು ಬಿಡುವುದು ಇದನ್ನೇ, ಯಾಕೆಂದರೆ ಅದಕ್ಕೆ ಬಣ್ಣ ತುಂಬಲು ಆಗುವುದಿಲ್ಲ. ನಾನು ಅಂಗೈ ತೋರಿಸಿ 'ಕಾಗಕ್ಕನಿಗೆ ಹೇಗಾಯ್ತು?' ಅಂತ ಕೇಳುತ್ತೇನೆ. 'ಚಳಿ' ಅನ್ನುತ್ತಾರೆ. ಅಷ್ಟು ಸಾಕು.

ಒಂದು ದಿನ ಸುಮ್ನೆ ಮಳೆಯನ್ನೇ ತೆಗೆದುಬಿಟ್ಟೆ. ಕಾಗಕ್ಕ ಉಪ್ಪಿನ ಮನೆ ಕಟ್ಟಿತು, ಗುಬ್ಬಕ್ಕ ಕಲ್ಲಿನ ಮನೆ ಕಟ್ಟಿತು, ಇಬ್ಬರೂ ಉಂಡು ಮಲಗಿದರು, ಮುಗಿಯಿತು. ಎಲ್ಲರೂ ನನ್ನನ್ನೇ ನೋಡಿದರು. 'ಟೀಚರ್, ಮತ್ತೆ ಕಥೆ ಎಂತ?' ಅಂದಳು ಒಬ್ಬಳು. ತೊಂದರೆ ಇಲ್ಲದಿದ್ದರೆ ಕಥೆಯೇ ಇಲ್ಲ ಅಂತ ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಮಗಳ ಹತ್ತಿರ ಬೆರಳಿಗಿಂತಲೂ ಮೊದಲು ಈ ಆಟ ಆಡು, ಒಂದೊಂದನ್ನೇ ತೆಗೆದು ನೋಡು.

ಇಲ್ಲಿ ಮಕ್ಕಳು ಅರ್ಧ ಕಥೆ ತುಳುವಿನಲ್ಲೇ ಹೇಳುತ್ತಾರೆ, ಕಾಗೆ ಹೋಗಿ ಕಕ್ಕೆ ಆಗುತ್ತದೆ. ನಾನು ತಿದ್ದುವುದಿಲ್ಲ. ಮೂರರಿಂದ ಎಂಟು ವರ್ಷದವರಿಗಾಗಿ 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಮನೆಮಾತಿನಲ್ಲಿ ಕಲಿಸಿ ಅಂತಲೇ ಹೇಳುತ್ತದೆ. ಯಕ್ಷಗಾನದ ಆಟಕ್ಕೆ ಹೋಗಿ ಬಂದ ಮಕ್ಕಳದ್ದು ಬೇರೆಯೇ ಕತೆ. ಅಲ್ಲಿ ರಾಕ್ಷಸರ ಬಣ್ಣದ ವೇಷ ಕಂಡರೆ ಅವರಿಗೆ ಯಾರು ಯಾರು ಅಂತ ತಕ್ಷಣ ಗೊತ್ತಾಗುತ್ತದೆ, ಆದರೆ ಇಲ್ಲಿ ಕಾಗಕ್ಕ ಕೆಟ್ಟದ್ದಾ ಒಳ್ಳೆಯದಾ ಅಂತ ಪೀಡಿಸುತ್ತಾರೆ. ನನಗೂ ಗೊತ್ತಿಲ್ಲ ಅನ್ನುತ್ತೇನೆ.

ನಿನ್ನೆ ಮನೆಗೆ ಹೊರಡುವಾಗ ಆ ಮೂಲೆಯ ಹುಡುಗ ಕೊಡೆ ಬಿಚ್ಚಿಕೊಂಡು ಬಂದು, ಇವತ್ತು ರಾತ್ರಿ ಕಾಗಕ್ಕ ಎಲ್ಲಿ ಮಲಗುತ್ತದೆ ಅಂತ ಕೇಳಿದ. ಕರೆಂಟು ಹೋಯಿತು, ಮೊಬೈಲಿನಲ್ಲಿ ಚಾರ್ಜ್ ಕಡಿಮೆ ಇದೆ. ಮಗಳು ಹೇಳುವ ಕಥೆ ರೆಕಾರ್ಡ್ ಮಾಡಿ ಕಳಿಸು, ನಮ್ಮ ಮಕ್ಕಳಿಗೆ ಕೇಳಿಸುತ್ತೇನೆ.

ನಿನ್ನ ಉಡುಪಿ ಟೀಚರ್